ಎಂಟು ಮಕ್ಕಳು, ಹನ್ನೆರಡು ವಾರ: ಶಿಕ್ಷಕರಾಗಲಿರುವವರಿಗೆ ಸಮುದಾಯವೇ ಅಭ್ಯಾಸಶಾಲೆ

ಶಿಕ್ಷಕ ತರಬೇತಿ ಕಾಲೇಜುಗಳಲ್ಲಿ ಎರಡು ಕೆಲಸಗಳು ಒಂದರ ಮುಖ ಒಂದು ನೋಡದೆ ನಡೆಯುತ್ತಿರುತ್ತವೆ. ವೃತ್ತಿಪರ ಬೆಳವಣಿಗೆ ಎಂಬ ಹೆಸರಲ್ಲಿ ಕಾರ್ಯಾಗಾರ, ವಿಶೇಷ ಉಪನ್ಯಾಸ, ಪ್ರಮಾಣಪತ್ರ. ಸಮುದಾಯದ ಒಡನಾಟ ಎಂಬ ಹೆಸರಲ್ಲಿ ವರ್ಷಕ್ಕೊಂದು ಶಿಬಿರ, ಒಂದು ಜಾಥಾ, ಕೊನೆಗೊಂದು ಗುಂಪು ಫೋಟೊ. ಮೊದಲನೆಯದರಲ್ಲಿ ಮಕ್ಕಳೇ ಇರುವುದಿಲ್ಲ. ಎರಡನೆಯದರಲ್ಲಿ ಮಕ್ಕಳಿದ್ದರೂ ಕಲಿಕೆ ಇರುವುದಿಲ್ಲ. ಈ ಎರಡನ್ನೂ ಒಂದೇ ಕೆಲಸವಾಗಿ ಮಾಡಬಹುದು, ಮಾಡಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಶಾಲೆ ಬಿಟ್ಟ ಮೇಲೆ ಸಂಜೆಯ ಒಂದು ಸಣ್ಣ ತರಗತಿ: ಒಂದೇ ಜಾಗ, ಎಂಟರಿಂದ ಹತ್ತು ಮಕ್ಕಳು, ಹನ್ನೆರಡು ವಾರ, ವಾರಕ್ಕೆ ಎರಡು ದಿನ, ದಿನಕ್ಕೆ ಒಂದು ಗಂಟೆ. ಪ್ರಶಿಕ್ಷಣಾರ್ಥಿಯೊಬ್ಬರು, ಅಂದರೆ ಶಿಕ್ಷಕ ತರಬೇತಿ ಪಡೆಯುತ್ತಿರುವವರು, ಓದಿನ ಜೊತೆಗೆ ನಿಭಾಯಿಸಬಹುದಾದ ಕೆಲಸ ಇದು. ಬೋಧನಾಭ್ಯಾಸದ ಪಾಠಗಳು ಕಲಿಸದ ಎಷ್ಟೋ ಸಂಗತಿಗಳು ಇಲ್ಲಿ ಸಿಗುತ್ತವೆ.

ಬೋಧನಾಭ್ಯಾಸದಲ್ಲಿ ಒಂದು ಕೊರತೆ ಇದೆ. ಒಂದು ಘಟಕ ಸಿದ್ಧ ಮಾಡಿಕೊಂಡು ಹೋಗುತ್ತೀರಿ, ಪಾಠ ಮಾಡುತ್ತೀರಿ, ಅಂಕ ಬೀಳುತ್ತದೆ. ಆ ಪಾಠದಲ್ಲಿ ಕೈಯೆತ್ತಿ ಉತ್ತರ ಹೇಳಿದ ಹುಡುಗಿಗೆ ಮುಂದಿನ ವಾರವೂ ಅದು ನೆನಪಿತ್ತೇ ಎಂದು ನೋಡುವ ಅವಕಾಶ ಸಿಗುವುದು ಅಪರೂಪ. ಮರೆತಿದ್ದರೆ ಎಲ್ಲಿ ಜಾರಿತು ಎಂಬುದಂತೂ ತಿಳಿಯುವುದೇ ಇಲ್ಲ. ಅದೇ ಮಗುವಿನ ಎದುರು ಇಪ್ಪತ್ತನಾಲ್ಕು ಬಾರಿ ಕುಳಿತಾಗ ನಿಮ್ಮ ಪಾಠದ ಫಲ ನಿಮಗೇ ಕಾಣುತ್ತದೆ. ಹನ್ನೆರಡು ವಾರ ಎನ್ನುವುದಕ್ಕೂ ಕಾರಣವಿದೆ. ಮಕ್ಕಳನ್ನು ಅರಿಯಲು ಮೊದಲ ಎರಡು ವಾರ ಬೇಕು, ಕೊನೆಯ ಎರಡು ವಾರ ಪರಿಶೀಲನೆಗೂ ಹಸ್ತಾಂತರಕ್ಕೂ ಹೋಗುತ್ತವೆ. ನಿಜವಾದ ಬೋಧನೆಗೆ ಉಳಿಯುವುದು ಎಂಟೇ ವಾರ. ಅದಕ್ಕಿಂತ ಕಡಿಮೆಯಾದರೆ ಮಗುವಿನಲ್ಲಿ ಏನೂ ಬದಲಾಗುವುದಿಲ್ಲ, ನಿಮ್ಮಲ್ಲೂ ಇಲ್ಲ.

ಶುರು ಮಾಡುವ ಮೊದಲು

ಮೊದಲು ಹೋಗಿ ಮಾತಾಡಬೇಕಾದದ್ದು ಆ ಮಕ್ಕಳ ತರಗತಿ ಶಿಕ್ಷಕರ ಜೊತೆ. ಮುಖ್ಯ ಶಿಕ್ಷಕರ ಅನುಮತಿ ಬೇಕೇ ಬೇಕು. ಆದರೆ ಅನುಮತಿ ಸಿಕ್ಕಿತೆಂದು ತರಗತಿ ಶಿಕ್ಷಕರನ್ನು ದಾಟಿಕೊಂಡು ಹೋದರೆ ಕೆಲಸ ಅರ್ಧ ಕೆಟ್ಟಂತೆಯೇ. ಕಾಲೇಜಿನಿಂದ ಬಂದ ಹುಡುಗರು ತಮ್ಮ ಕೆಲಸ ತಿದ್ದಲು ಬಂದಿದ್ದಾರೆ ಎಂಬ ಭಾವನೆ ಅವರಲ್ಲಿ ಒಮ್ಮೆ ಬಂದರೆ ಹೋಗುವುದಿಲ್ಲ. ಕೇಳಬೇಕಾದ ಪ್ರಶ್ನೆಗಳು ಸರಳ: ನಿಮ್ಮ ತರಗತಿಯಲ್ಲಿ ಯಾವ ಮಕ್ಕಳಿಗೆ ಹೆಚ್ಚು ಸಮಯ ಬೇಕಾಗಿದೆ? ಅವರಿಗೆ ಏನು ಬರುತ್ತದೆ, ಎಲ್ಲಿ ನಿಲ್ಲುತ್ತಾರೆ? ನೀವು ಬಳಸುವ ವಿಧಾನ ಯಾವುದು? ಕೊನೆಯ ಪ್ರಶ್ನೆ ಬಹಳ ಮುಖ್ಯ. ಕಳೆಯುವ ಲೆಕ್ಕವನ್ನು ಶಾಲೆಯಲ್ಲಿ ಒಂದು ರೀತಿ, ಸಂಜೆ ನೀವು ಇನ್ನೊಂದು ರೀತಿ ಹೇಳಿಕೊಟ್ಟರೆ ಗೊಂದಲಕ್ಕೆ ಬೀಳುವುದು ಮಗು.

ಒಂದು ಪುಟದ ಒಪ್ಪಂದ ಬರೆದುಕೊಳ್ಳಿ: ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೋಣೆ, ಬೀಗದ ಕೈ ಯಾರ ಬಳಿ, ಶಾಲೆಯ ಕಡೆಯಿಂದ ಜವಾಬ್ದಾರರು ಯಾರು, ನೀವು ಬರಲಾಗದಿದ್ದರೆ ಎಷ್ಟು ಮುಂಚಿತವಾಗಿ ಯಾರಿಗೆ ತಿಳಿಸಬೇಕು, ಕೊನೆಯ ದಿನ ಯಾವುದು. ಪೋಷಕರ ಲಿಖಿತ ಒಪ್ಪಿಗೆ ಪಡೆಯಿರಿ. ಓದಲು ಬಾರದ ಪೋಷಕರಿದ್ದರೆ ಎದುರು ಕೂತು ಓದಿ ಹೇಳಿ, ಪ್ರಶ್ನೆ ಕೇಳಲು ಬಿಟ್ಟು, ಆಮೇಲೆ ಸಹಿ ಅಥವಾ ಹೆಬ್ಬೆಟ್ಟು. ಫೋಟೊ ತೆಗೆಯುವುದಕ್ಕೆ, ಧ್ವನಿ ಮುದ್ರಿಸುವುದಕ್ಕೆ ಒಪ್ಪಿಗೆ ಬೇರೆಯೇ ಇರಲಿ. ಪಾಠಕ್ಕೆ ಒಪ್ಪಿದ ಮಾತ್ರಕ್ಕೆ ಫೋಟೊಗೂ ಒಪ್ಪಿದಂತಲ್ಲ.

ಮಕ್ಕಳ ಸುರಕ್ಷತೆಯ ನಿಯಮಗಳಲ್ಲಿ ಸಡಿಲಿಕೆ ಬೇಡ. ಒಬ್ಬ ಪ್ರಶಿಕ್ಷಣಾರ್ಥಿ ಒಂದು ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಇರಬಾರದು. ಬಾಗಿಲು ತೆರೆದಿರಬೇಕು, ಇಬ್ಬರು ದೊಡ್ಡವರು ಇರಬೇಕು. ಮಕ್ಕಳಿಗೆ ನಿಮ್ಮ ವೈಯಕ್ತಿಕ ಫೋನ್‌ನಿಂದ ಸಂದೇಶ ಕಳಿಸಬಾರದು. ಏನಿದ್ದರೂ ಪೋಷಕರ ಮೂಲಕ ಅಥವಾ ಶಾಲೆಯ ಮೂಲಕ. ತರಗತಿ ಮುಗಿದ ಮೇಲೆ ಯಾವ ಮಗು ಯಾರ ಜೊತೆ ಮನೆಗೆ ಹೋಗುತ್ತದೆ ಎಂಬ ಪಟ್ಟಿ ಕೈಯಲ್ಲಿರಲಿ. ಕೊನೆಯ ಮಗು ಹೊರಡುವವರೆಗೆ ಇಬ್ಬರೂ ಕಾಯಬೇಕು. ಮನೆಯಲ್ಲಿ ಅಥವಾ ಹೊರಗೆ ತನಗೆ ಯಾರೋ ನೋವು ಮಾಡುತ್ತಿದ್ದಾರೆಂದು ಮಗು ಹೇಳಿದರೆ ಸಮಾಧಾನದಿಂದ ಕೇಳಿಸಿಕೊಳ್ಳಿ. ಕೆದಕಿ ಕೆದಕಿ ವಿಚಾರಣೆ ಮಾಡಬೇಡಿ. ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬೇಡಿ, ಏಕೆಂದರೆ ನೀವು ಹೇಳಲೇಬೇಕಾಗುತ್ತದೆ. ಮಗು ಬಳಸಿದ ಮಾತುಗಳನ್ನೇ ಬರೆದಿಟ್ಟುಕೊಂಡು ಅದೇ ದಿನ ಶಾಲೆಯ ಜವಾಬ್ದಾರರಿಗೂ ನಿಮ್ಮ ಕಾಲೇಜಿನ ಮಾರ್ಗದರ್ಶಕರಿಗೂ ತಿಳಿಸಿ. ಈ ನಿಯಮಗಳನ್ನು ತಂಡದ ಪ್ರತಿಯೊಬ್ಬರೂ ಮೊದಲ ದಿನಕ್ಕೆ ಮುಂಚೆ ಓದಿ ಸಹಿ ಹಾಕಿರಬೇಕು.

ಮೊದಲ ವಾರ ಪಾಠ ಬೇಡ

ಹೊಸ ಉತ್ಸಾಹದಲ್ಲಿ ಮೊದಲ ದಿನವೇ ಬಣ್ಣದ ಚಾರ್ಟ್ ಹಿಡಿದು ಪಾಠಕ್ಕೆ ನಿಲ್ಲುವವರೇ ಹೆಚ್ಚು. ಮಗುವಿಗೆ ಏನು ಬರುತ್ತದೆಂದು ತಿಳಿಯದೆ ಮಾಡಿದ ಪಾಠ ಗುರಿ ತಪ್ಪುತ್ತದೆ. ಮೊದಲ ಎರಡು ದಿನ ಒಂದೊಂದೇ ಮಗುವನ್ನು ಹತ್ತು ನಿಮಿಷ ಪಕ್ಕದಲ್ಲಿ ಕೂರಿಸಿಕೊಳ್ಳಿ. ಉಳಿದವರಿಗೆ ಜೊತೆಗಾರರು ಕತೆ ಹೇಳುತ್ತಿರಲಿ.

ಓದನ್ನು ನೋಡಲು ನ್ಯೂಜಿಲೆಂಡಿನ ಶಿಕ್ಷಣ ಸಂಶೋಧಕಿ ಮೇರಿ ಕ್ಲೇ ರೂಪಿಸಿದ ರನ್ನಿಂಗ್ ರೆಕಾರ್ಡ್ ಎಂಬ ವಿಧಾನ ಒಳ್ಳೆಯದು. ಮಗು ಓದುತ್ತಿರುವಾಗ ಅದೇ ಪಠ್ಯದ ಇನ್ನೊಂದು ಪ್ರತಿ ನಿಮ್ಮ ಕೈಯಲ್ಲಿರುತ್ತದೆ. ಸರಿಯಾಗಿ ಓದಿದ ಪದಕ್ಕೆ ಒಂದು ಗುರುತು, ತಪ್ಪಿದರೆ ಮಗು ಏನು ಹೇಳಿತೋ ಅದನ್ನೇ ಪದದ ಮೇಲೆ ಬರೆಯುವುದು, ಬಿಟ್ಟ ಪದಕ್ಕೆ ಅಡ್ಡಗೆರೆ. ತಾನೇ ತಿದ್ದಿಕೊಂಡರೆ ಅದನ್ನು ತಪ್ಪೆಂದು ಲೆಕ್ಕಿಸುವುದಿಲ್ಲ, ಬೇರೆ ಗುರುತು ಹಾಕುತ್ತಾರೆ. ನೂರಕ್ಕೆ 95 ಅಥವಾ ಅದಕ್ಕಿಂತ ಹೆಚ್ಚು ಪದ ಸರಿಯಿದ್ದರೆ ಆ ಪಠ್ಯ ಮಗುವಿಗೆ ಸುಲಭ. 90ರಿಂದ 94 ಇದ್ದರೆ ಕಲಿಸಲು ತಕ್ಕದ್ದು. 90ಕ್ಕಿಂತ ಕಡಿಮೆಯಾದರೆ ಕಷ್ಟದ್ದು. ಈ ಲೆಕ್ಕ ಇಂಗ್ಲಿಷ್ ಓದಿಗಾಗಿ ಹುಟ್ಟಿದ್ದು. ಕನ್ನಡದಲ್ಲಿ ‘ಮನೆಯಲ್ಲಿದ್ದವರೆಲ್ಲರೂ’ ಎಂಬುದು ಒಂದೇ ಪದ. ಅದರಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಇಡೀ ಪದ ತಪ್ಪಿದಂತೆ ಎಣಿಕೆಯಾಗುತ್ತದೆ. ಹಾಗಾಗಿ ಕನ್ನಡದ ಓದಿಗೆ ಶೇಕಡಾವಾರನ್ನು ಅಂದಾಜಾಗಿ ಮಾತ್ರ ಹಿಡಿಯಿರಿ. ತಪ್ಪು ಯಾವ ಬಗೆಯದು ಎಂಬುದನ್ನು ನೋಡಿ: ಅಕ್ಷರವೇ ಗೊತ್ತಿಲ್ಲವೇ, ಕಾಗುಣಿತದಲ್ಲಿ ದೀರ್ಘ ಬಿಡುತ್ತಿದೆಯೇ, ಒತ್ತಕ್ಷರ ಬಂದಾಗ ನಿಲ್ಲುತ್ತದೆಯೇ, ಪದದ ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತಿದೆಯೇ. ಐವತ್ತು ಪದಗಳ ಒಂದು ಸಣ್ಣ ಕತೆ ಸಾಕು. ಕೊನೆಯಲ್ಲಿ ‘ಏನಾಯಿತು ಹೇಳು’ ಎಂದು ಕೇಳಿ. ಒಂದೂ ತಪ್ಪಿಲ್ಲದೆ ಓದಿಯೂ ಏನಾಯಿತೆಂದು ಹೇಳಲಾಗದ ಮಕ್ಕಳು ಇರುತ್ತಾರೆ. ಅವರಿಗೆ ಬೇಕಾದ ಪಾಠವೇ ಬೇರೆ.

ಗಣಿತದಲ್ಲಿ ಉತ್ತರ ನೋಡುವುದಕ್ಕಿಂತ ಮಗು ಮಾಡಿದ ದಾರಿ ನೋಡಬೇಕು. 52ರಿಂದ 27 ಕಳೆದು 35 ಎಂದು ಬರೆದ ಮಗು ಅಜಾಗರೂಕವಲ್ಲ. ಬಿಡಿಸ್ಥಾನದಲ್ಲಿ 2ರಿಂದ 7 ಹೋಗುವುದಿಲ್ಲವೆಂದು 7ರಿಂದಲೇ 2 ಕಳೆದಿದೆ. ಎಲ್ಲ ಲೆಕ್ಕದಲ್ಲೂ ಹಾಗೆಯೇ ಮಾಡುತ್ತದೆ, ಏಕೆಂದರೆ ‘ದೊಡ್ಡದರಿಂದ ಚಿಕ್ಕದನ್ನು ಕಳೆ’ ಎಂಬ ನಿಯಮ ಅದರ ತಲೆಯಲ್ಲಿ ಗಟ್ಟಿಯಾಗಿದೆ. ನಾನೂರ ಏಳನ್ನು 4007 ಎಂದು ಬರೆಯುವ ಮಗು ಕೇಳಿಸಿದಂತೆ ಬರೆಯುತ್ತಿದೆ. ಅದಕ್ಕೆ ಸ್ಥಾನಬೆಲೆ ಇನ್ನೂ ಅರ್ಥವಾಗಿಲ್ಲ. ಈ ಎರಡು ಮಕ್ಕಳಿಗೂ ‘ಗಮನವಿಟ್ಟು ಮಾಡು’ ಎಂದರೆ ಪ್ರಯೋಜನವಿಲ್ಲ. ಹತ್ತರ ಕಡ್ಡಿ ಕಂತೆ ಬಿಚ್ಚಿ ಬಿಡಿ ಮಾಡುವ ಆಟ ಮೊದಲನೆಯದಕ್ಕೆ, ಸ್ಥಾನಬೆಲೆಯ ಬಿಲ್ಲೆಗಳು ಎರಡನೆಯದಕ್ಕೆ. ಮಗುವಿನ ತಪ್ಪನ್ನು ಓದಲು ಬರುವುದೇ ಶಿಕ್ಷಕರ ಮೊದಲ ಕೌಶಲ ಎಂದು ನಾನು ನಂಬುತ್ತೇನೆ. ಮಗುವಿನ ಪಕ್ಕ ಕೂತು, ಅದು ಬರೆಯುವ ಕೈಯನ್ನೇ ನೋಡುತ್ತಿದ್ದರೆ ಮಾತ್ರ ಅದು ದಕ್ಕುತ್ತದೆ.

ಪರಿಶೀಲನೆ ಮುಗಿದ ಮೇಲೆ ಗುಂಪು ಮಾಡುವಾಗ ವಯಸ್ಸು, ತರಗತಿ ನೋಡಬೇಡಿ. ಮಗು ಈಗ ಎಲ್ಲಿದೆ ಎಂಬುದನ್ನು ನೋಡಿ. ಶಿಕ್ಷಣ ಕ್ಷೇತ್ರದ ಸ್ವಯಂಸೇವಾ ಸಂಸ್ಥೆ ‘ಪ್ರಥಮ್’ ಬೆಳೆಸಿದ, ಮಟ್ಟಕ್ಕೆ ತಕ್ಕ ಬೋಧನೆ ಎಂಬ ಪದ್ಧತಿಯ ತಿರುಳೂ ಇದೇ: ಅಕ್ಷರ, ಪದ, ವಾಕ್ಯವೃಂದ, ಕತೆ ಎಂಬ ಮಟ್ಟಗಳ ಪ್ರಕಾರ ಮಕ್ಕಳನ್ನು ಸೇರಿಸಿ, ಮಗು ಮುಂದೆ ಹೋದಂತೆ ಗುಂಪು ಬದಲಿಸುವುದು. ಗುಂಪಿಗೆ ‘ದಡ್ಡರು’, ‘ಜಾಣರು’ ಎಂಬ ವಾಸನೆ ಬರುವ ಹೆಸರಿಡಬೇಡಿ. ಮೂರು ವಾರಕ್ಕೊಮ್ಮೆ ಗುಂಪು ಬದಲಿಸದಿದ್ದರೆ ಯಾವ ಹೆಸರಿಟ್ಟರೂ ಮಕ್ಕಳಿಗೆ ಅದು ಗೊತ್ತಾಗಿಬಿಡುತ್ತದೆ.

ಒಂದು ಗಂಟೆಯ ಒಳಗೆ

ಎಂಟರಿಂದ ಹತ್ತು ಮಕ್ಕಳಿಗೆ ಇಬ್ಬರು ಪ್ರಶಿಕ್ಷಣಾರ್ಥಿಗಳು. ಒಬ್ಬರು ಪಾಠ ಮಾಡುವಾಗ ಇನ್ನೊಬ್ಬರು ನೋಡುತ್ತಾ ಬರೆಯುತ್ತಾರೆ. ಮುಂದಿನ ದಿನ ಪಾತ್ರ ಬದಲು. ಶಾಲೆ ಬಿಟ್ಟ ಮೇಲಿನ ಹೊತ್ತು ಎಂದರೆ ಮಕ್ಕಳು ದಣಿದಿರುತ್ತಾರೆ, ಹಸಿದಿರುತ್ತಾರೆ. ಮೊದಲ ಐದು ನಿಮಿಷ ನೀರು ಕುಡಿಯಲು, ಮಾತಾಡಲು ಬಿಡಿ. ಆಮೇಲೆ ಹತ್ತು ನಿಮಿಷ ಹಿಂದಿನ ದಿನದ್ದರ ನೆನಪು. ಇದನ್ನು ನೀವೇ ಹೇಳಿಬಿಡಬೇಡಿ, ಪುಸ್ತಕ ಮುಚ್ಚಿಸಿ ಅವರಿಂದ ಹೊರಡಿಸಿ. ಹದಿನೈದು ನಿಮಿಷ ಹೊಸ ವಿಷಯ, ಒಂದೇ ಒಂದು. ಇಪ್ಪತ್ತು ನಿಮಿಷ ಮಕ್ಕಳು ತಾವೇ ಮಾಡುವ ಅಭ್ಯಾಸ. ಈ ಹೊತ್ತಿನಲ್ಲಿ ಇಬ್ಬರೂ ಪ್ರಶಿಕ್ಷಣಾರ್ಥಿಗಳು ಮಕ್ಕಳ ನಡುವೆ ಓಡಾಡುತ್ತಾರೆ. ಐದು ನಿಮಿಷ ಗಟ್ಟಿಯಾಗಿ ಕತೆ ಓದುವುದು, ಅದಕ್ಕೆ ಪ್ರಶ್ನೆ-ಗಿಶ್ನೆ ಏನೂ ಬೇಡ. ಕೊನೆಯ ಐದು ನಿಮಿಷದಲ್ಲಿ ಪ್ರತಿ ಮಗುವೂ ಒಂದು ಚೀಟಿಯಲ್ಲಿ ಒಂದು ಲೆಕ್ಕ ಅಥವಾ ಒಂದು ವಾಕ್ಯ ಬರೆದುಕೊಟ್ಟು ಹೊರಡುತ್ತದೆ. ಆ ಹತ್ತು ಚೀಟಿಗಳೇ ಮುಂದಿನ ದಿನದ ಪಾಠಯೋಜನೆ.

ಹೊಸಬರ ಪಾಠದಲ್ಲಿ ಹೊಸ ವಿಷಯದ ಹದಿನೈದು ನಿಮಿಷ ಮೂವತ್ತಾಗುತ್ತದೆ, ಅಭ್ಯಾಸದ ಇಪ್ಪತ್ತು ನಿಮಿಷ ಐದಕ್ಕೆ ಇಳಿಯುತ್ತದೆ. ಕಾರಣ ಒಂದೇ, ವಿವರಿಸುವುದು ನಮಗೆ ಹಿತ. ಗಡಿಯಾರ ಕಾಣುವ ಕಡೆ ನಿಲ್ಲಿ. ಹದಿನೈದು ನಿಮಿಷವಾದ ಕೂಡಲೇ ಕೈ ಎತ್ತಲು ಜೊತೆಗಾರರಿಗೆ ಹೇಳಿಟ್ಟಿರಿ.

ಕೆಡುವ ಜಾಗಗಳು ಇನ್ನೂ ಇವೆ. ಶಾಲೆಯಲ್ಲಿ ಕೊಟ್ಟ ಮನೆಪಾಠ (ಹೋಂವರ್ಕ್) ಮಾಡಿಸಿಕೊಡಿ ಎಂದು ಮಕ್ಕಳೂ ಪೋಷಕರೂ ಕೇಳುತ್ತಾರೆ. ಒಪ್ಪಿದರೆ ಆ ಇಡೀ ಗಂಟೆ ಅದಕ್ಕೇ ಹೋಗುತ್ತದೆ, ಮಗುವಿನ ಅಡಿಪಾಯದ ತೊಡಕು ಹಾಗೇ ಉಳಿಯುತ್ತದೆ. ಗಂಟೆಯ ಆಚೆ ಹದಿನೈದು ನಿಮಿಷ ಮನೆಪಾಠಕ್ಕೆ ಎಂದು ಬೇರೆಯೇ ಇಡಿ, ಇಲ್ಲವೇ ವಿನಯದಿಂದ ಬೇಡವೆನ್ನಿ. ಎರಡನೆಯ ವಾರದಲ್ಲಿ ಹತ್ತು ಮಕ್ಕಳ ಜಾಗದಲ್ಲಿ ಇಪ್ಪತ್ತು ಮಂದಿ ಬಂದು ನಿಲ್ಲಬಹುದು. ವಾಪಸು ಕಳಿಸಲು ಮನಸ್ಸಾಗದೆ ಎಲ್ಲರನ್ನೂ ಕೂರಿಸಿಕೊಂಡರೆ ಅದು ಇನ್ನೊಂದು ದೊಡ್ಡ ತರಗತಿ ಅಷ್ಟೇ. ಹೆಸರು ಬರೆದುಕೊಂಡು, ಇನ್ನಿಬ್ಬರು ಜೊತೆಗಾರರು ಸಿಕ್ಕ ಮೇಲೆ ಹೊಸ ಗುಂಪು ಮಾಡಿ. ಎಲ್ಲಕ್ಕಿಂತ ದೊಡ್ಡ ಅಪಾಯ ನಿಮ್ಮ ಪರೀಕ್ಷೆಯ ವಾರ. ಆಗ ಒಬ್ಬೊಬ್ಬರೇ ಬಿಟ್ಟುಹೋಗುತ್ತಾರೆ. ನಂಬಿ ಬಂದ ಮಗು ಬಾಗಿಲು ಮುಚ್ಚಿದ್ದು ನೋಡಿ ಮನೆಗೆ ಹೋಗುವುದಕ್ಕಿಂತ ಆ ತರಗತಿ ಶುರುವಾಗದೇ ಇದ್ದಿದ್ದರೆ ಚೆನ್ನಾಗಿತ್ತು. ಕಾಲೇಜಿನ ಪರೀಕ್ಷಾ ವೇಳಾಪಟ್ಟಿಯನ್ನು ಎದುರಿಗಿಟ್ಟುಕೊಂಡೇ ಹನ್ನೆರಡು ವಾರ ಗುರುತಿಸಿ, ರಜೆಯ ವಾರವನ್ನು ಮಕ್ಕಳಿಗೂ ಶಾಲೆಗೂ ಮೊದಲೇ ತಿಳಿಸಿ. ಮೂರು ಜೋಡಿಗೆ ಒಬ್ಬರಂತೆ ಬದಲಿ ಪ್ರಶಿಕ್ಷಣಾರ್ಥಿ ಇರಲಿ. ಅವರೂ ತಿಂಗಳಿಗೊಮ್ಮೆಯಾದರೂ ಬಂದು ಮಕ್ಕಳಿಗೆ ಮುಖಪರಿಚಯವಾಗಿರಬೇಕು.

ನಿಮ್ಮ ಪಾಠವನ್ನು ನೀವೇ ನೋಡುವುದು

ಜೊತೆಗಾರರು ಬರೆಯುವ ವೀಕ್ಷಣೆ ಈ ಇಡೀ ಏರ್ಪಾಟಿನ ಜೀವ. ಇದಿಲ್ಲದಿದ್ದರೆ ಹನ್ನೆರಡು ವಾರ ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡಿ ಅದನ್ನೇ ಗಟ್ಟಿ ಮಾಡಿಕೊಳ್ಳುವ ಸಾಧ್ಯತೆ ಇದೆ.

‘ಪಾಠ ಚೆನ್ನಾಗಿತ್ತು’, ‘ಧ್ವನಿ ಸ್ಪಷ್ಟವಾಗಿತ್ತು’, ‘ಕಪ್ಪು ಹಲಗೆಯ ಬಳಕೆ ಉತ್ತಮ’: ಬೋಧನಾಭ್ಯಾಸದ ಪುಸ್ತಕಗಳಲ್ಲಿ ತುಂಬಿರುವ ಇಂಥ ಮಾತುಗಳಿಂದ ಯಾರೂ ಏನೂ ಕಲಿಯಲಾರರು. ಕಂಡದ್ದು, ಕೇಳಿದ್ದು ಮಾತ್ರ ಬರೆಯಬೇಕು. ‘ನಾಲ್ಕನೇ ನಿಮಿಷದಲ್ಲಿ ಕೇಳಿದ ಪ್ರಶ್ನೆಗೆ ನೀವೇ ಉತ್ತರ ಹೇಳಿದಿರಿ, ಹಿಂದೆ ಕೂತಿದ್ದ ಮೂವರು ಆಗಿನ್ನೂ ಬೆರಳು ಮಡಚಿ ಎಣಿಸುತ್ತಿದ್ದರು’ ಎಂಬ ಒಂದು ಸಾಲು ಮುಂದಿನ ಪಾಠವನ್ನೇ ಬದಲಿಸಬಲ್ಲದು. ಒಂದು ದಿನಕ್ಕೆ ಒಂದೇ ಅಂಶವನ್ನು ನೋಡಲು ಪಾಠಕ್ಕೆ ಮೊದಲೇ ಒಪ್ಪಿಕೊಳ್ಳಿ. ಪಾಠ ಮುಗಿದ ಮೇಲೆ ಅದೇ ದಿನ ಹತ್ತು ನಿಮಿಷ ಕೂತು ಮಾತಾಡಿ. ಪಾಠ ಮಾಡಿದವರು ಮೊದಲು ಮಾತಾಡಲಿ. ವೀಕ್ಷಕರು ಸಲಹೆ ಕೊಡುವ ಮುನ್ನ ಬರೆದದ್ದನ್ನು ಓದಿ ಹೇಳಲಿ. ಎಷ್ಟೋ ಸಲ ಸಲಹೆ ಬೇಕಾಗುವುದೇ ಇಲ್ಲ, ಓದಿ ಹೇಳಿದ್ದು ಕೇಳಿದರೇ ಸಾಕಾಗುತ್ತದೆ.

ನೋಡಲು ಯಾವ ಅಂಶ? ಮೊದಲು ಮಾತಿನ ಪಾಲು. ತರಗತಿಯ ಮಾತನ್ನು ಅಳೆಯಲು ಅಮೆರಿಕದ ಸಂಶೋಧಕ ನೆಡ್ ಫ್ಲ್ಯಾಂಡರ್ಸ್ ರೂಪಿಸಿದ ಪದ್ಧತಿಯಲ್ಲಿ ಹತ್ತು ವರ್ಗಗಳಿವೆ: ಏಳು ಶಿಕ್ಷಕರ ಮಾತಿಗೆ, ಎರಡು ವಿದ್ಯಾರ್ಥಿಗಳ ಮಾತಿಗೆ, ಒಂದು ಮೌನ ಅಥವಾ ಗದ್ದಲಕ್ಕೆ. ಮೂರು ಸೆಕೆಂಡಿಗೊಮ್ಮೆ ಒಂದು ಅಂಕಿ ಬರೆಯಬೇಕು. ಸಂಶೋಧನೆಗೆ ಅದು ಸರಿ, ಇಬ್ಬರು ಪ್ರಶಿಕ್ಷಣಾರ್ಥಿಗಳ ಕೈಗೆ ಅದು ಭಾರ. ಇಪ್ಪತ್ತು ಸೆಕೆಂಡಿಗೊಮ್ಮೆ ‘ಶಿ’, ‘ಮ’ ಅಥವಾ ‘ಸು’ ಎಂದು ಬರೆಯಿರಿ: ಶಿಕ್ಷಕರು, ಮಕ್ಕಳು, ಸುಮ್ಮನೆ. ಹತ್ತು ನಿಮಿಷಕ್ಕೆ ಮೂವತ್ತು ಗುರುತುಗಳು. ಅದರಲ್ಲಿ ಇಪ್ಪತ್ತೈದು ‘ಶಿ’ ಇದ್ದರೆ ಬೇರೆ ಟಿಪ್ಪಣಿಯೇ ಬೇಡ. ಇನ್ನೊಂದು ಸಾಧನ, ಮಕ್ಕಳು ಕೂತ ನಕ್ಷೆ. ಪ್ರಶ್ನೆ ಯಾರಿಗೆ ಹೋಯಿತೋ ಆ ಚೌಕದಲ್ಲಿ ಒಂದು ಗೆರೆ. ಹತ್ತು ಮಕ್ಕಳ ಗುಂಪಿನಲ್ಲೂ ಮೂವರಿಗೇ ಎಲ್ಲ ಪ್ರಶ್ನೆ ಹೋಗಿರುವುದು ಕಾಣುತ್ತದೆ. ಹುಡುಗರಿಗೆ ಎಷ್ಟು, ಹುಡುಗಿಯರಿಗೆ ಎಷ್ಟು ಎಂದೂ ಎಣಿಸಿ.

ಮೂರನೆಯದು ಕಾಯುವ ಹೊತ್ತು. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ ತರಗತಿಗಳ ಧ್ವನಿಮುದ್ರಣ ಕೇಳಿ ಒಂದು ಸಂಗತಿ ಗುರುತಿಸಿದರು: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ. ಅದನ್ನು ಮೂರು ಸೆಕೆಂಡಿಗೆ ಅಥವಾ ಅದಕ್ಕೂ ಹೆಚ್ಚಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಉತ್ತರ ಬಾರದೇ ಹೋಗುವುದು ಕಡಿಮೆಯಾಯಿತು, ಸಾಮಾನ್ಯವಾಗಿ ಬಾಯಿ ಬಿಡದ ಮಕ್ಕಳೂ ಮಾತಾಡತೊಡಗಿದರು. ಮಗು ಉತ್ತರ ಹೇಳಿದ ಮೇಲೂ ಅಷ್ಟೇ ಹೊತ್ತು ಸುಮ್ಮನಿರುವುದನ್ನು ಅವರು ಮುಖ್ಯವೆಂದರು, ಏಕೆಂದರೆ ಮಗು ಆಗ ಮಾತು ಮುಂದುವರಿಸುತ್ತದೆ. ಮೂರು ಸೆಕೆಂಡ್ ಎಂದರೆ ಕೇಳಲು ಸುಲಭ, ತರಗತಿಯ ಎದುರು ನಿಂತಾಗ ಬಹಳ ಉದ್ದ. ಮನಸ್ಸಿನಲ್ಲಿ ನಿಧಾನವಾಗಿ ಮೂರರವರೆಗೆ ಎಣಿಸುವುದನ್ನು ಎರಡು ವಾರ ರೂಢಿ ಮಾಡಿಕೊಳ್ಳಿ.

ಕೆಲವೇ ನಿಮಿಷದ ಪಾಠದಲ್ಲಿ ಒಂದೇ ಕೌಶಲವನ್ನು ಅಭ್ಯಾಸ ಮಾಡುವ ಸೂಕ್ಷ್ಮಬೋಧನೆಯನ್ನು ಪಠ್ಯದಲ್ಲಿ ಓದಿಯೇ ಇರುತ್ತೀರಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆಲನ್ ಮತ್ತು ಸಂಗಡಿಗರು 1963ರಲ್ಲಿ ಆರಂಭಿಸಿದ ಈ ವಿಧಾನ ನಿಜವಾದ ಮಕ್ಕಳ ಸಣ್ಣ ಗುಂಪಿಗಾಗಿ ಹುಟ್ಟಿದ್ದು. ಭಾರತದಲ್ಲಿ ಎನ್‌ಸಿಇಆರ್‌ಟಿ (ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿ) ರೂಪಿಸಿದ ಚಕ್ರಕ್ಕೆ 36 ನಿಮಿಷ: ಬೋಧನೆ 6, ಹಿಮ್ಮಾಹಿತಿ (ಪಾಠ ನೋಡಿದವರ ಅನಿಸಿಕೆ) 6, ಮರುಯೋಜನೆ 12, ಮರುಬೋಧನೆ 6, ಮರುಹಿಮ್ಮಾಹಿತಿ 6. ಸಹಪಾಠಿಗಳೇ ಮಕ್ಕಳಂತೆ ನಟಿಸುವ ಅಭ್ಯಾಸದಲ್ಲಿ ಕೌಶಲದ ಹೊರರೂಪ ಬರುತ್ತದೆ. ಆದರೆ ಸಹಪಾಠಿ 52ರಿಂದ 27 ಕಳೆದು 35 ಎಂದು ಹೇಳುವುದಿಲ್ಲವಲ್ಲ! ಸಂಜೆಯ ಗುಂಪಿನಲ್ಲಿ ಇದೇ ಚಕ್ರವನ್ನು ಮಾಡಿ: ಒಂದು ದಿನ ಒಂದು ಗುಂಪಿಗೆ ಆರು ನಿಮಿಷ, ಮಾತುಕತೆ, ತಿದ್ದಿದ ಯೋಜನೆ, ಮುಂದಿನ ದಿನ ಇನ್ನೊಂದು ಗುಂಪಿಗೆ.

ಒಟ್ಟಿಗೆ ಒಂದು ಪಾಠ

ಜಪಾನಿನ ಶಿಕ್ಷಕರು ನೂರು ವರ್ಷಕ್ಕೂ ಮಿಕ್ಕಿ ನಡೆಸಿಕೊಂಡು ಬಂದಿರುವ ಪಾಠ ಅಧ್ಯಯನ ಪ್ರಶಿಕ್ಷಣಾರ್ಥಿಗಳ ಸಂಘಕ್ಕೆ ಹೇಳಿ ಮಾಡಿಸಿದಂತಿದೆ. ನಾಲ್ಕರಿಂದ ಆರು ಜನ ಸೇರಿ ಮಕ್ಕಳಿಗೆ ತೊಡಕಾಗುವ ಒಂದೇ ವಿಷಯ ಆರಿಸುತ್ತಾರೆ, ಉದಾಹರಣೆಗೆ ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿದರೆ ಐದನೇ ಎರಡು ಎಂದು ಮಕ್ಕಳು ಏಕೆ ಬರೆಯುತ್ತಾರೆ ಎಂಬುದು. ಒಂದು ವಾರ ಕೂತು ಪಾಠ ಹೆಣೆಯುತ್ತಾರೆ. ಪಾಠಯೋಜನೆಯಲ್ಲಿ ಶಿಕ್ಷಕರು ಏನು ಹೇಳುತ್ತಾರೆ ಎಂಬುದರ ಪಕ್ಕ ‘ಮಕ್ಕಳು ಏನು ಹೇಳಬಹುದು’ ಎಂಬ ಕಂಬಸಾಲೊಂದು ಇರುತ್ತದೆ. ಸರಿ ಉತ್ತರವಲ್ಲದೆ ಬರಬಹುದಾದ ಎಲ್ಲ ತಪ್ಪು ಉತ್ತರಗಳೂ ಅಲ್ಲಿರಬೇಕು. ಒಬ್ಬರು ಪಾಠ ಮಾಡುತ್ತಾರೆ. ಉಳಿದವರು ತಲಾ ಇಬ್ಬರು ಮಕ್ಕಳನ್ನು ಮಾತ್ರ ನೋಡುತ್ತಾರೆ, ಪಾಠದ ನಡುವೆ ಅವರಿಗೆ ಸಹಾಯ ಮಾಡುವಂತಿಲ್ಲ. ಆಮೇಲಿನ ಚರ್ಚೆ ಪಾಠದ ಬಗ್ಗೆ. ಪಾಠವನ್ನು ಎಲ್ಲರೂ ಸೇರಿ ಕಟ್ಟಿರುವುದರಿಂದ ಅದು ಬಿದ್ದರೆ ನಿಂತು ಹೇಳಿದವರೊಬ್ಬರ ಸೋಲಾಗುವುದಿಲ್ಲ. ಟೀಕೆಗೆ ಅಂಜುವವರೂ ಇಲ್ಲಿ ಮಾತಾಡುತ್ತಾರೆ. ತಿದ್ದಿ, ಬೇರೆ ಗುಂಪಿಗೆ ಇನ್ನೊಬ್ಬರು ಮಾಡುತ್ತಾರೆ. ಹನ್ನೆರಡು ವಾರಗಳಲ್ಲಿ ಇಂಥ ಎರಡು ಪಾಠಗಳಾದರೆ ಸಾಕು. ಸಂಘದ ಸಭೆಗಳಲ್ಲಿ ಕಾರ್ಯಕ್ರಮದ ಬ್ಯಾನರು, ಅತಿಥಿಗಳ ಪಟ್ಟಿ ಇತ್ಯಾದಿಗೆ ಹೋಗುವ ಹೊತ್ತಿನ ಅರ್ಧ ಇದಕ್ಕೆ ಸಿಕ್ಕರೂ ಸಾಕು.

ಮನೆಯ ಬಾಗಿಲಿಗೆ ಹೋದಾಗ

ಸಮುದಾಯಕ್ಕೆ ‘ಕೊಡಲು’ ಹೋಗುವುದು ಎಂಬ ಭಾವನೆ ಆಳವಾಗಿದೆ. ಅದರ ಜೊತೆಗೇ ‘ಇವರಿಗೆ ಏನೂ ಗೊತ್ತಿಲ್ಲ’ ಎಂಬ ಇನ್ನೊಂದು ಭಾವನೆ ಸದ್ದಿಲ್ಲದೆ ಬಂದುಬಿಡುತ್ತದೆ. ಅಮೆರಿಕದ ಅರಿಜೋನಾದಲ್ಲಿ ಶಿಕ್ಷಣ ಸಂಶೋಧಕ ಲೂಯಿಸ್ ಮೋಲ್ ಮತ್ತು ಸಂಗಡಿಗರು ಇದನ್ನು ತಿರುಗಿಸಿ ನೋಡಿದರು. 1992ರಲ್ಲಿ ಪ್ರಕಟವಾದ ಅವರ ಕೆಲಸದಲ್ಲಿ ಶಿಕ್ಷಕರು ಕಲಿಯುವವರಾಗಿ ಮನೆಗಳಿಗೆ ಹೋದರು. ಕೃಷಿ, ಕಟ್ಟಡ ಕೆಲಸ, ವ್ಯಾಪಾರ, ಔಷಧಿ ಹೀಗೆ ಆ ಕುಟುಂಬಗಳಲ್ಲಿ ಎಷ್ಟು ತಿಳಿವಳಿಕೆ ಇದೆ ಎಂದು ಬರೆದುಕೊಂಡರು. ವಿದ್ಯಾರ್ಥಿಯೊಬ್ಬ ಮೆಕ್ಸಿಕೋದಿಂದ ತಂದ ಮಿಠಾಯಿ ಮಾರುತ್ತಾನೆಂದು ತಿಳಿದು ಶಿಕ್ಷಕಿ ಮಿಠಾಯಿಯ ಸುತ್ತಲೇ ಒಂದು ಘಟಕ ಕಟ್ಟಿದರು. ತಾಯಿಯೊಬ್ಬರು ತರಗತಿಗೆ ಬಂದು ಅದನ್ನು ಮಾಡಿ ತೋರಿಸಿ ಪಾಠ ಮಾಡಿದರು.

ನೀವೂ ಹೋಗಿ. ಮೊದಲೇ ಕೇಳಿ, ಅವರಿಗೆ ಅನುಕೂಲವಾದ ಹೊತ್ತಿಗೆ, ಇಬ್ಬರಾಗಿ, ಅರ್ಧ ಗಂಟೆಗೆ ಮೀರದಂತೆ. ಕೈಯಲ್ಲಿ ಪ್ರಶ್ನಾವಳಿ ಹಿಡಿದರೆ ಸಮೀಕ್ಷೆಗೆ ಬಂದವರಂತೆ ಕಾಣುತ್ತೀರಿ. ಬರೆಯುವುದನ್ನು ಹೊರಗೆ ಬಂದ ಮೇಲೆ ಇಟ್ಟುಕೊಳ್ಳಿ. ಮನೆಯಲ್ಲಿ ಯಾವ ಕೆಲಸ ನಡೆಯುತ್ತದೆ, ಮಗು ಅದರಲ್ಲಿ ಏನು ಮಾಡುತ್ತದೆ, ಅಜ್ಜಿ-ತಾತ ಯಾವ ಕತೆ ಹೇಳುತ್ತಾರೆ, ಮನೆಮಾತು ಯಾವುದು. ಬಟ್ಟೆ ಹೊಲಿಯುವ ತಾಯಿ ಅಳತೆ ಹಿಡಿಯುವ ರೀತಿಯಲ್ಲಿ ಇಡೀ ಅಳತೆಯ ಘಟಕವೇ ಇರುತ್ತದೆ. ಅವರು ಎಷ್ಟು ಸಂಪಾದಿಸುತ್ತಾರೆ, ಏಕೆ ಓದಲಿಲ್ಲ ಎಂಬ ಪ್ರಶ್ನೆ ಬೇಡ. ಮಗುವಿನ ಬಗ್ಗೆ ಮಾತಾಡುವಾಗ ಮೂರು ಮಾತು ಸಾಕು: ಈಗ ಮಗುವಿಗೆ ಏನು ಬರುತ್ತದೆ, ಮುಂದೇನು, ಮನೆಯಲ್ಲಿ ದಿನಕ್ಕೆ ಐದು ನಿಮಿಷ ಏನು ಮಾಡಬಹುದು. ಕೊನೆಯದು ಓದು ಬರಹ ಬಾರದವರಿಗೂ ಸಾಧ್ಯವಾಗುವಂಥದ್ದಾಗಿರಲಿ. ಮಗು ಒಂದು ಪುಟ ಓದುವುದನ್ನು ಕೇಳಿಸಿಕೊಂಡು ‘ಆಮೇಲೇನಾಯಿತು?’ ಎಂದು ಕೇಳುವುದು ಎಲ್ಲರಿಗೂ ಆಗುತ್ತದೆ.

ಕಾರ್ಯಾಗಾರ ಮತ್ತು ಕಡತ

ಕಾರ್ಯಾಗಾರಗಳೇ ಬೇಡವೆಂದಲ್ಲ. ಶಿಕ್ಷಕರ ತರಬೇತಿಯ ಬಗ್ಗೆ ಸಂಶೋಧನೆ ಮಾಡಿದ ಅಮೆರಿಕದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶೋವರ್ಸ್ 1980ರ ದಶಕದಲ್ಲಿ ಒತ್ತಿ ಹೇಳಿದ್ದು ಇದನ್ನೇ: ಕೇಳಿದ ಮತ್ತು ನೋಡಿದ ವಿಧಾನ ತರಗತಿಯೊಳಗೆ ಇಳಿಯಬೇಕಾದರೆ ಅಭ್ಯಾಸ, ಹಿಮ್ಮಾಹಿತಿ, ಜೊತೆಗಾರರ ಬೆಂಬಲ ಬೇಕು. ಹಾಗಾಗಿ ಅಭ್ಯಾಸಕ್ಕೆ ಸಮಯವಿರುವ ಕಾರ್ಯಾಗಾರವನ್ನೇ ಆರಿಸಿ, ಜೋಡಿಯಾಗಿ ಹೋಗಿ. ಹೊರಗೆ ಬರುವಾಗ ಕೈಯಲ್ಲಿ ಮೂರು ಸಾಲು ಇರಲಿ: ಏಳು ದಿನದೊಳಗೆ ಯಾವ ಒಂದು ವಿಧಾನ ಮಾಡಿ ನೋಡುತ್ತೇವೆ, ಯಾವ ಮಕ್ಕಳೊಂದಿಗೆ, ಫಲಿಸಿತೆಂದು ಹೇಗೆ ತಿಳಿಯುತ್ತೇವೆ.

ಪೋರ್ಟ್‌ಫೋಲಿಯೊ ಅಂದರೆ ಪ್ರಮಾಣಪತ್ರಗಳ ಕಟ್ಟು ಎಂದುಕೊಳ್ಳಬೇಡಿ. ಎಂಟು ಹತ್ತು ದಾಖಲೆ ಸಾಕು: ಒಂದೇ ಮಗುವಿನ ಮೊದಲ ವಾರದ ಮತ್ತು ಹನ್ನೊಂದನೇ ವಾರದ ಓದಿನ ದಾಖಲೆ, ಒಂದೇ ಪಾಠದ ತಿದ್ದುವ ಮೊದಲಿನ ಹಾಗೂ ನಂತರದ ಯೋಜನೆ, ಜೊತೆಗಾರರ ಒಂದು ವೀಕ್ಷಣಾ ಹಾಳೆ, ಒಂದು ತಪ್ಪಿನ ವಿಶ್ಲೇಷಣೆ, ಫಲಿಸದ ಒಂದು ಪಾಠ. ಪ್ರತಿಯೊಂದಕ್ಕೂ ನಾಲ್ಕು ಸಾಲಿನ ಟಿಪ್ಪಣಿ: ಏನಾಯಿತು, ಏಕೆ, ಆಮೇಲೆ ಏನು ಬದಲಿಸಿದೆ. ಮಕ್ಕಳ ಹೆಸರು, ಶಾಲೆಯ ಹೆಸರು ಅಳಿಸಿರಿ. ಕೆಲಸದ ಸಂದರ್ಶನದಲ್ಲಿ ‘ಕಷ್ಟವಾದ ಒಂದು ಪಾಠದ ಬಗ್ಗೆ ಹೇಳಿ’ ಎಂದಾಗ ಆ ಫಲಿಸದ ಪಾಠದ ಹಾಳೆ ತೆರೆದಿಡಬಹುದು.

ಕೊನೆಯ ಎರಡು ವಾರ

ತರಗತಿ ಮುಗಿಯುವ ದಿನವನ್ನು ಮಕ್ಕಳಿಗೆ ಮೂರು ವಾರ ಮೊದಲೇ ಹೇಳಿ, ಗೋಡೆಯ ಮೇಲೆ ಬರೆದಿಡಿ. ಹನ್ನೊಂದನೇ ವಾರ ಮೊದಲಿನಂತೆಯೇ ಒಂದೊಂದೇ ಮಗುವನ್ನು ಕೂರಿಸಿಕೊಂಡು ಪರಿಶೀಲನೆ: ಅಷ್ಟೇ ಕಷ್ಟದ ಬೇರೆ ಕತೆ, ಅದೇ ಬಗೆಯ ಬೇರೆ ಲೆಕ್ಕ. ಅದೇ ಕತೆ ಕೊಟ್ಟರೆ ಮಗು ನೆನಪಿನಿಂದ ಓದುತ್ತದೆ. ಪ್ರತಿ ಮಗುವಿಗೂ ಅರ್ಧ ಪುಟ ಬರೆದು ತರಗತಿ ಶಿಕ್ಷಕರಿಗೆ ಕೊಡಿ: ಎಲ್ಲಿತ್ತು, ಎಲ್ಲಿದೆ, ಯಾವುದು ಫಲಿಸಿತು, ಯಾವುದು ಇನ್ನೂ ಉಳಿದಿದೆ. ಮುಂದೆ ಹೋಗದ ಮಕ್ಕಳೂ ಇರುತ್ತಾರೆ. ಅವರ ಬಗ್ಗೆ ಇನ್ನೂ ಹೆಚ್ಚು ಎಚ್ಚರದಿಂದ ಬರೆಯಿರಿ. ಅಕ್ಷರವನ್ನು ಹತ್ತಿರ ಹಿಡಿದು ನೋಡುವುದು, ಕರೆದರೆ ತಿರುಗದಿರುವುದು ಕಂಡಿದ್ದರೆ ಅದನ್ನೂ ಬರೆಯಿರಿ, ಆದರೆ ಕಾಯಿಲೆಯ ಹೆಸರು ಹಚ್ಚಬೇಡಿ. ನೋಡಿದ್ದನ್ನು ಹೇಳುವುದಷ್ಟೇ ನಿಮ್ಮ ಕೆಲಸ, ಪರೀಕ್ಷೆ ಮಾಡುವವರು ಬೇರೆ ಇದ್ದಾರೆ.

ಮುಂದಿನ ವರ್ಷದ ತಂಡ ಈ ಕೊನೆಯ ಎರಡು ವಾರ ಬಂದು ಹಿಂದೆ ಕೂರಲಿ. ಒಪ್ಪಂದದ ಪುಟ, ಮನೆಗೆ ಕರೆದೊಯ್ಯುವವರ ಪಟ್ಟಿ, ಪರಿಶೀಲನೆಯ ಹಾಳೆಗಳು, ಯಾವ ಪಾಠ ಯಾವ ಗುಂಪಿಗೆ ಕೂರಲಿಲ್ಲ ಎಂಬ ಟಿಪ್ಪಣಿ, ಇಷ್ಟನ್ನು ಒಂದೇ ಕಡತದಲ್ಲಿಟ್ಟು ಅವರ ಕೈಗೆ ಕೊಡಿ. ಕಾಲೇಜಿನಲ್ಲಿ ಒಬ್ಬ ಉಪನ್ಯಾಸಕರ ಬಳಿ ಇನ್ನೊಂದು ಪ್ರತಿ ಇರಲಿ, ವಿದ್ಯಾರ್ಥಿಗಳು ಪ್ರತಿ ವರ್ಷ ಬದಲಾಗುತ್ತಾರೆ.